ಕಳ್ಳಸ್ವಿಚ್ಚಿಗೆ ಕುಂಕುಮ

ಮಾದನಾಯಕನಹಳ್ಳಿ
೯-೧೦-೨೦೨೫, ಗುರುವಾರ

ಪ್ರೀತಿಯ ಗೌರಿ ಅಪ್ಪನಿಗೆ,

ವಸಂತಮ್ಮನ ನಮಸ್ಕಾರ. ನಿಮ್ಮ ಮಂಡಿನೋವು ಈಗ ಹೇಗಿದೆ? ಆ ಪ್ರಕೃತಿ ಚಿಕಿತ್ಸೆಯವರು ಬೆಳಿಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಹಸಿ ಸೌತೆಕಾಯಿ ಕೊಟ್ಟುಕೊಂಡೇ ನಿಮ್ಮನ್ನು ನಡೆಯುವ ಹಾಗೆ ಮಾಡಿದ್ದಾರೆ ಎಂದುಕೊಂಡಿದ್ದೇನೆ. ಮುದ್ದೆ ಬೇಕೆಂದು ಅಲ್ಲಿ ಜಗಳ ತೆಗೆಯಬೇಡಿ. ಎಣ್ಣೆ ಹಚ್ಚಿಸಿಕೊಂಡ ಮೈಯಲ್ಲಿ ಫ್ಯಾನಿನ ಕೆಳಗೆ ಕೂರಬೇಡಿ. ನಾನು ಚೆನ್ನಾಗಿದ್ದೇನೆ, ನೀವು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ.

ಕೇಳಲಿಲ್ಲ ಎನ್ನುವುದು ಸುಳ್ಳೇ? ಗಾಡಿಯ ಸುದ್ದಿ ಯಾರಿಂದಲೋ ಕೇಳಿ ನಿನ್ನೆ ಅಲ್ಲಿನ ಆಫೀಸಿನ ಫೋನಿನಿಂದ ನೀವು ಆಡಿದ ಮೊದಲ ಮಾತು, "ಗಾಡಿಗೇನೂ ಆಗಿಲ್ಲ ತಾನೆ?" ಎರಡನೆಯದು, "ಸ್ವಿಚ್ಚಿಗೂ ಕುಂಕುಮ ಇಕ್ತಾರೇನೆ? ನಿಂಗ್ ಬುದ್ಧಿ ಐತಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಫೋನಿಟ್ಟಿರಿ. ಅಲ್ಲಿ ಮೊಬೈಲು ಕಿತ್ತಿಟ್ಟುಕೊಂಡಿದ್ದಾರಂತೆ, ಒಳ್ಳೆಯದೇ ಆಯಿತು. ಕಾಗದಕ್ಕಾದರೆ ನೀವು ಅಡ್ಡಬಾಯಿ ಹಾಕುವ ಹಾಗಿಲ್ಲ.

ನಡೆದದ್ದನ್ನು ಸರಿಯಾಗಿ ಕೇಳಿ. ಮಂಗಳವಾರ ಮಧ್ಯಾಹ್ನ ತಾರಸಿಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ಪಕ್ಕದ ಖಾಲಿ ಸೈಟಿನಲ್ಲಿ ನಿಂತಿದ್ದ ನಮ್ಮ ಮೆಟಡೋರ್ ಕೆಮ್ಮಿದ ಸದ್ದು ಬಂತು. ನಿಮ್ಮ ಗೆಳೆಯ ನಿಂಗಪ್ಪನೇ ಬಂದಿರಬೇಕು ಎಂದುಕೊಂಡೆ; ನಿಮ್ಮ ಗಾಡಿ ಎಂದರೆ ಅವನಿಗೆ ಮಾವನ ಮನೆ ತಾನೆ. ಬಗ್ಗಿ ನೋಡಿದರೆ ಸೀಟಿನಲ್ಲಿ ಯಾವನೋ ಟೋಪಿಯವನು. ನೀವು ಚಕ್ರಕ್ಕೆ ಬಿಗಿದಿದ್ದ ಸರಪಳಿ, ಸ್ಟೇರಿಂಗಿಗೆ ಹಾಕಿದ್ದ ಕಬ್ಬಿಣದ ಸರಳು, ಎರಡನ್ನೂ ಮಷಿನ್ನಿನಲ್ಲಿ ಕತ್ತರಿಸಿ ಎಸೆದಿದ್ದ. ಗ್ರಿಲ್ಲು ಅಂಗಡಿಗಳ ಮಧ್ಯೆ ವಾಸ ಮಾಡುವವರಿಗೆ ಕಬ್ಬಿಣ ಕೊಯ್ಯುವ ಸದ್ದು ಕೇಳಿದರೆ ಎಚ್ಚರವಾಗುತ್ತದೆಯೇ? "ಲೇಯ್, ಯಾವನ್ಲಾ ಅವ್ನು! ಇಳೀಲಾ ಕೆಳೀಕೆ!" ಎಂದು ಕೂಗುತ್ತಾ ಮೆಟ್ಟಿಲಿಳಿದು ಓಡಿದೆ. ಗಾಡಿಯ ಮುಂದೆ ಕೈ ಅಗಲಿಸಿಕೊಂಡು ನಿಂತೆ. ಅವನು ಗಾಬರಿಯಾಗಿ ಹಿಂದಕ್ಕೆ ತೆಗೆದ, ಚಕ್ರ ಮೋರಿಗೆ ಇಳಿಯಿತು, ಹಾರಿ ಓಡಿಹೋದ. ಬಾಡಿಗೆ ಮನೆಯವರೆಲ್ಲ ಆಮೇಲೆ ಬಂದು ವಿಡಿಯೋ ಮಾಡಿಕೊಂಡರು. ನನಗೇನಾದರೂ ಆಯಿತೇ ಎಂದು ನೀವು ಒಂದು ಮಾತು ಕೇಳಿದಿರಾ?

ಆಮೇಲೆ ಬಂದ ಪೊಲೀಸಿನವನು ಸೀಟಿನ ಕೆಳಗೆ ಟಾರ್ಚು ಬಿಟ್ಟು ನಕ್ಕುಬಿಟ್ಟ. "ಅಮ್ಮಾ, ಇಲ್ಲೇ ದೇವ್ರು ಮಾಡ್ಕೊಂಡಿದೀರಲ್ಲಾ! ಕಳ್ಳ ಕೈ ಮುಗ್ದು ಸ್ಟಾರ್ಟ್ ಮಾಡವ್ನೆ." ಹೌದು, ಒತ್ತದಿದ್ದರೆ ಗಾಡಿ ಸ್ಟಾರ್ಟೇ ಆಗದಂತೆ ನೀವು ಅಡಗಿಸಿಟ್ಟ ಕಳ್ಳಸ್ವಿಚ್ಚಿಗೆ ಅರಿಶಿನ ಕುಂಕುಮ ಇಟ್ಟು ಚೆಂಡುಹೂ ಸಿಕ್ಕಿಸಿದ್ದು ನಾನೇ. ಆಯುಧಪೂಜೆಯ ದಿನ ಮಚ್ಚು, ಕುಡುಗೋಲು, ಮಿಕ್ಸಿ, ನೀರಿನ ಮೋಟರು, ಎಲ್ಲಕ್ಕೂ ಇಟ್ಟವಳು ಗಾಡಿಯನ್ನೇ ಕಾಯುವ ಸ್ವಿಚ್ಚನ್ನು ಹೇಗೆ ಬಿಡಲಿ? ಅದನ್ನು ಹಾಕಿಸಿದಾಗ ನೀವು, "ನಂಗೂ ನಿಂಗೂ ಬಿಟ್ರೆ ದೇವ್ರಿಗೂ ಗೊತ್ತಾಗ್ಬಾರ್ದು" ಎಂದಿದ್ದಿರಿ. ದೇವರಿಗೂ ಗೊತ್ತಾಗದಂತೆ ಇಡಲು ಅದೇನು ಕದ್ದ ಮಾಲೇ? ಹಬ್ಬಕ್ಕೆ ನೀವು ಮನೆಯಲ್ಲಿದ್ದಿದ್ದರೆ ನೀವೇ ಅದಕ್ಕೊಂದು ನಿಂಬೆಹಣ್ಣು ಕೊಯ್ಯುತ್ತಿದ್ದಿರಿ.

ನನ್ನ ಸಿಟ್ಟು ಕುಂಕುಮದ್ದಲ್ಲ. ಗಾಡಿ ಕೊಂಡಾಗ ಏನೆಂದಿರಿ? "ಇಂದ್ಗಡೆ ಮಂಚ ಆಕ್ಸಿ, ಒಲೆ ಇಡ್ಸಿ, ನಿಂಗೆ ಸಮುದ್ರ ತೋರ್ಸ್ಕಂಡ್ ಬತ್ತೀನಿ." ಆ ಮಾತು ನಂಬಿ ನನ್ನ ಮೈಸೂರು ಸಿಲ್ಕನ್ನು ಕಿಟಕಿಯ ಪರದೆಗೆ ಹರಿದೆ. ಆಮೇಲೆ ಆದದ್ದೇನು? ನೀವು ಗೋಕರ್ಣ ನೋಡಿದಿರಿ, ನಿಂಗಪ್ಪ ನೋಡಿದ, ನನ್ನ ಸೀರೆಯೂ ನೋಡಿಕೊಂಡು ಬಂತು. ನಾನು ಪುಳಿಯೋಗರೆ ಗೊಜ್ಜು ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತೆ. "ಇಬ್ರೂ ಓದ್ರೆ ಮನೆ ಕಾಯೋರ್ಯಾರು?" ಎಂದಿರಿ. ಗಾಡಿ ಹೋದಾಗ ಮನೆ ಕಾಯಬೇಕು, ಬಂದಾಗ ಗಾಡಿ ಕಾಯಬೇಕು. ಈಗ ಆಸ್ಪತ್ರೆಯಿಂದ ಬಂದ ಮೇಲೆ ನೀವು ಮತ್ತೆ ನಿಂಗಪ್ಪನ ಜೊತೆ ಮಲ್ಪೆಗಂತೆ. ಅದನ್ನೂ ನೀವು ಹೇಳಲಿಲ್ಲ; ನಿಂಗಪ್ಪನ ಹೆಂಡತಿ ಶಶಿಕಲಾ ಹಾಲಿನ ಡೈರಿಯಲ್ಲಿ ಹೇಳಿದಳು. ಹೊಟ್ಟೆ ಉರಿದುಹೋಯಿತು ಕಣ್ರೀ. ಅವತ್ತು ಗಾಡಿಗೆ ಅಡ್ಡ ನಿಂತಾಗ ಅದು ನನ್ನ ಮೇಲೆಯೇ ಹರಿದಿದ್ದರೆ, ಸಮುದ್ರ ನೋಡದೆ ಹೋಗುತ್ತಿದ್ದೆ. ರಾತ್ರಿ ಮಲಗಿದಾಗ ನನಗೆ ಬಂದ ಯೋಚನೆ ಇದೊಂದೇ.

ಇರಲಿ. ಔಷಧಿ ಬಿಡಬೇಡಿ, ವೈದ್ಯರು ಹೇಳಿದಷ್ಟು ದಿನ ಇದ್ದು ಬನ್ನಿ. ಗೌರಿ ವಿಷಯ ತಿಳಿದು ಆನೇಕಲ್ಲಿನಿಂದ ಬಂದಿದ್ದಾಳೆ. ಅಪ್ಪನಿಗೆ ನಮಸ್ಕಾರ ತಿಳಿಸು ಎನ್ನುತ್ತಿದ್ದಾಳೆ. ದೇವರು ನಿಮ್ಮ ಮಂಡಿಗೆ ಬಲ ಕೊಡಲಿ, ಬಾಯಿಗೆ ಸ್ವಲ್ಪ ಕಡಿಮೆ ಕೊಡಲಿ.

ಇಂತಿ ನಿಮ್ಮ,
ವಸಂತಮ್ಮ

ತಾ.ಕ.: ಅಂಚೆಗೆ ಹಾಕಲು ಗೌರಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಮೆಕ್ಯಾನಿಕ್ ಬಸಲಿಂಗನನ್ನು ಕರೆಸಿ ಸ್ವಿಚ್ಚನ್ನು ಬೇರೆ ಕಡೆ ಹಾಕಿಸಿದ್ದೇನೆ. ಎಲ್ಲಿ ಎಂದು ನಿಮಗೂ ಹೇಳಬಾರದೆಂದು ಅವನ ಕೈಲಿ ಆಣೆ ಮಾಡಿಸಿದ್ದೇನೆ. ಡ್ರೈವರ್ ಸೀಟಿನಿಂದ ಅದು ಕೈಗೆ ಎಟುಕುವುದಿಲ್ಲ. ಇನ್ನು ಮೇಲೆ ಪಕ್ಕದ ಸೀಟಿನಲ್ಲಿ ನಾನು ಕೂತರೆ ಮಾತ್ರ ಗಾಡಿ ಹೊರಡುತ್ತದೆ. ನಿಂಗಪ್ಪನಿಗೆ ನೀವೇ ಹೇಳಿಬಿಡಿ.