ಅಣ್ಣನ ಹೆಸರಿನ ಹಂದಿ ಪಾಲು

ಲಿಟಲ್ ಬರ್ಕ್ ಬೀದಿ, ಮೆಲ್ಬರ್ನ್
೮ ಏಪ್ರಿಲ್ ೧೯೭೪

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ನೋವು ಹೇಗಿದೆ? ಕೇರ್ನ್ಸ್‌ನ ಸೆಖೆಗೆ ವಾಸಿಯಾಗುತ್ತದೆ ಎಂದು ಹೋದವನು ಹನ್ನೊಂದು ವರ್ಷವಾದರೂ ಕುಂಟುತ್ತಲೇ ಇದ್ದೀಯಂತೆ. ಅತ್ತಿಗೆಯ ಕೆಮ್ಮಿಗೆ ಉಪ್ಪಿನಲ್ಲಿ ಹಾಕಿಟ್ಟ ನಿಂಬೆ ಕಳಿಸಿದ್ದೇನೆ, ಬಿಸಿನೀರಿಗೆ ಹಿಂಡಿ ಕುಡಿಯಲಿ. ನಾನು ಗಟ್ಟಿಮುಟ್ಟಾಗಿದ್ದೇನೆ. ಬೆರಳಿನಲ್ಲೊಂದು ಸುಟ್ಟ ಬೊಬ್ಬೆ ಇದೆ, ಅದರ ಕಥೆ ಹೇಳುತ್ತೇನೆ ಕೇಳು.

ಶುಕ್ರವಾರ ಹಿರಿಯರ ಗೋರಿ ಗುಡಿಸುವ ಹಬ್ಬ. ಸ್ಮಶಾನದಿಂದ ಬಂದು ಎಲ್ಲರೂ ನಮ್ಮ ಮೊಕ್ ಕುಲದ ಮನೆಯಲ್ಲಿ ಸೇರಿದೆವು. ಹಿಂದೆಯೇ ಬರೆದಿದ್ದೆನಲ್ಲ, ಅದನ್ನು ಯಾರೋ ಹೋಟೆಲಿನವನು ಕೊಂಡು, ಕೆಡವಿ, ಕಾರು ನಿಲ್ಲಿಸುವ ಜಾಗ ಮಾಡುತ್ತಾನಂತೆ. ಕುಲದ ಯಜಮಾನ ಕ್ವಾಂಗ್ ದೊಡ್ಡಪ್ಪ ಆಗಲೇ ಒಪ್ಪಿಬಿಟ್ಟಿದ್ದಾನೆ. "ಬೀದೀಲಿ ಉಳಿದಿರೋದು ನಾಲ್ಕು ಮುದುಕರು, ಇನ್ಯಾಕಮ್ಮ ಈ ಹಳೇ ಇಟ್ಟಿಗೆ?" ಎನ್ನುತ್ತಾನೆ. ನೀನೂ ಹೋದ ಕಾಗದದಲ್ಲಿ 'ಮಾರಿದರೆ ಮಾರಲಿ ಬಿಡು' ಎಂದು ಬರೆದಿದ್ದೆ. ನನಗೆ ಮೈಯೆಲ್ಲ ಉರಿಯಿತು. ಬೆಂಡಿಗೊ ಗಣಿಯಲ್ಲಿ ಚಿನ್ನ ಸಿಗದೆ ಬರಿಗೈಲಿ ಬಂದ ಅಜ್ಜ ಮಲಗಿದ್ದು ಈ ಮನೆಯ ಮಹಡಿಯಲ್ಲಿ. ಬಡಗಿ ಕೆಲಸ ಹುಡುಕಿಕೊಂಡದ್ದು, ಚೀನಾದ ನಮ್ಮೂರಿನಿಂದ ಬಂದ ಕಾಗದ ಓದಿಸಿಕೊಂಡದ್ದು ಇಲ್ಲಿ. ತೀರಿಕೊಂಡ ಮೇಲೆ ಅವನ ಮೂಳೆಗಳು ಊರಿಗೆ ಹೊರಟದ್ದೂ ಇಲ್ಲಿಂದಲೇ. ಹೊರಗೆ ಬಿಳಿಯರು ನಮ್ಮವರನ್ನು ಕಂಡರೆ ಕಲ್ಲೆಸೆಯುತ್ತಿದ್ದ ಕಾಲದಲ್ಲಿ ಅಜ್ಜನಿಗೆ ತೆರೆದಿದ್ದ ಬಾಗಿಲು ಇದೊಂದೇ.

ಮಾರುವ ವಿಷಯದಲ್ಲಿ ಕೈಯೆತ್ತಿ ಮತ ಹಾಕುವ ಹಕ್ಕು ಯಾರಿಗೆ ಎಂದು ನಿನಗೆ ಗೊತ್ತು: ಹಬ್ಬದಲ್ಲಿ ಹೆಸರು ಕೂಗಿದಾಗ ಹುರಿದ ಹಂದಿಯ ಪಾಲು ಪಡೆದ ಗಂಡಸರ ಮನೆಗೆ. ನಿನ್ನ ಹೆಸರನ್ನು ಪ್ರತಿವರ್ಷ ಕೂಗುತ್ತಾರೆ, ಯಾರೂ ಏಳುವುದಿಲ್ಲ. ಈ ಸಲ ನಾನೆದ್ದೆ. ದೊಡ್ಡಪ್ಪ ಕತ್ತಿ ಹಿಡಿದುಕೊಂಡೇ, "ಹೆಣ್ಣುಮಕ್ಕಳಿಗೆ ಪಾಲಿಲ್ಲ ಕಣಮ್ಮ, ಕೂತ್ಕೋ" ಎಂದ. "ಹಿತ್ತಲ ಒಲೇಲಿ ಹಂದಿ ಸುಡೋವಾಗ ನಾನು ಹೆಣ್ಣು ಅಂತ ನೆನಪಾಗ್ಲಿಲ್ವಾ ದೊಡ್ಡಪ್ಪಾ? ಅಪ್ಪ ಹೋದ್ಮೇಲೆ ಇಪ್ಪತ್ತು ವರ್ಷದಿಂದ ಸುಡ್ತಿರೋಳು ನಾನು. ನೋಡಿ ಈ ಬೊಬ್ಬೆ. ಬರೋ ವರ್ಷ ಹಸೀ ಹಂದೀನೇ ಹಂಚ್ಕೊಳ್ಳಿ" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ನಕ್ಕ, ನಕ್ಕ ಮೇಲೆ ಕೊಡದೆ ಇರಲಾದೀತೇ? "ನಿಮ್ಮಣ್ಣನ ಹೆಸರಲ್ಲಿ ಕೊಡ್ತಿರೋದು, ತಿಳೀತಾ?" ಎಂದು ಗೊಣಗುತ್ತಾ ಗರಿಗರಿ ಚರ್ಮದ ಪಕ್ಕೆಯನ್ನೇ ಕಟ್ಟಿಕೊಟ್ಟ. ಪೊಟ್ಟಣ ಹಿಡಿದು ಮನೆಗೆ ಬರುವಾಗ ಸಿಟ್ಟಿಗೋ ಸಂತೋಷಕ್ಕೋ ಬೀದಿಯಲ್ಲೇ ಅತ್ತುಬಿಟ್ಟೆ.

ಅಪ್ಪ ಅಮ್ಮನ ಗೋರಿಗೆ ನಿನ್ನ ಪರವಾಗಿಯೂ ಊದುಬತ್ತಿ ಹಚ್ಚಿದ್ದೇನೆ. ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ಹೇಳು.

ನಿನ್ನ ತಂಗಿ,
ಯೂಕ್-ಲಾನ್

ಅವಸರದಲ್ಲಿ ಒಂದು ಮಾತು: ಕೈಯೆತ್ತುವ ದಿನ ಇದೇ ಇಪ್ಪತ್ತೆಂಟು, ಭಾನುವಾರ. ಆ ಕಡೆ ಹದಿನೈದು, ಈ ಕಡೆ ಹದಿನೈದು, ಉಳಿದಿರುವುದು ಈ ಪಾಲಿನಿಂದ ಸಿಕ್ಕ ನಿನ್ನ ಮತವೊಂದೇ. ಹೋಟೆಲಿನವರು ಕಳಿಸುವ ಕಾಗದಕ್ಕೆ ಸಹಿ ಹಾಕೀಯ, ಜೋಕೆ. ಮಾರಲಿ ಎಂದೇ ಹೇಳುವುದಾದರೆ ಕುಂಟಿಕೊಂಡಾದರೂ ಬಂದು, ಅಜ್ಜ ಮಲಗಿದ್ದ ಜಾಗದಲ್ಲಿ ನಿಂತು ಹೇಳು. ಅದಾಗದಿದ್ದರೆ 'ನನ್ನ ಬದಲು ತಂಗಿ ಕೈಯೆತ್ತಲಿ' ಎಂದು ಎರಡು ಸಾಲು ಬರೆದು ಇಂದೇ ಟಪಾಲಿಗೆ ಹಾಕು. ನನಗೆ ಪಾಲು ಬೇಡ, ಹಿಂದಕ್ಕೆ ಕೊಟ್ಟುಬಿಡು ಎಂದು ಮಾತ್ರ ಬರೆಯಬೇಡ. ಅದನ್ನು ನಾನು ಮೂಳೆ ಸಮೇತ ಚೀಪಿ ಮುಗಿಸಿ ಆಗಿದೆ.