ಪುಟ ಅರವತ್ತೊಂದರ ಗಂಟು

ಜೂನ್ 9, ಸೋಮವಾರ. ಸಂಜೆ 6

ಇವತ್ತು ಎರಡು ಬಲೆ ಮುಗಿಯಿತು. ಮಳೆಗಾಲಕ್ಕೆ ಬೋಟು ಬಂದ್ ಆಗಿ ಒಂಬತ್ತು ದಿನ. ಕಾಪುವಿನ ನಮ್ಮ ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲರ ಹರಿದ ಬಲೆಯೂ ಇಲ್ಲೇ. ಬೆರಳು ಉರಿಯುತ್ತಿದೆ. ಆದರೂ ಬರೆಯಬೇಕು.

ನಿನ್ನೆ ಉಡುಪಿಗೆ ಹೋಗಿದ್ದೆ. ಸಿಲ್ವೆಸ್ಟರ್ ಪೊರ್ಬುಗಳ ಪುಸ್ತಕದಂಗಡಿ. ಹಿಂದಿನ ಗೋಡೆ, ಕೆಳಗಿನ ಸಾಲು — ಯಾರೂ ಬಗ್ಗಿ ನೋಡದ್ದು. ಕಥೆಯಲ್ಲ, ಕಾದಂಬರಿಯಲ್ಲ. ತಮಗೆ ಗೊತ್ತಿದ್ದನ್ನು ಬರೆದು, ತಾವೇ ಅಚ್ಚು ಹಾಕಿಸಿ, ಇಲ್ಲಿ ಇಟ್ಟು ಹೋದವರ ಪುಸ್ತಕಗಳು. ಒಬ್ಬ ಬಸ್ ಕಂಡಕ್ಟರ್ ಬರೆದದ್ದಿದೆ. ಒಬ್ಬರು ಬಾವಿ ತೋಡುವವರು ಬರೆದದ್ದಿದೆ. ನೆಲದಡಿಯ ಕೆಂಪು ಮುರಕಲ್ಲಿಗೆ ಹಾರೆಯಿಂದ ಬಡಿದಾಗ ಯಾವ ಸದ್ದು ಬಂದರೆ ಅಗೆಯಬಹುದು, ಯಾವ ಸದ್ದಿಗೆ ಹಿಂದೆ ಸರಿಯಬೇಕು... ಹನ್ನೊಂದು ಪುಟ ಬರೀ ಸದ್ದು! ಅದನ್ನು ಓದಿದ ವಾರವಿಡೀ ಊರಿನ ಗೋಡೆಗಳಿಗೆಲ್ಲ ಬಡಿದು ಕಿವಿಗೊಟ್ಟಿದ್ದೆ. ಅಮ್ಮ ಹೆದರಿದ್ದಳು.

ಹೋದ ವರ್ಷ ಪೊರ್ಬುಗಳೇ ಹೇಳಿದ್ದು: "ಇಷ್ಟು ಓದ್ತಿ, ಒಬ್ಬರಿಗೂ ಹೇಳುದಿಲ್ಲ. ಬಾಯಲ್ಲಿ ನಾಚಿಕೆಯಾದ್ರೆ ಚೀಟಿಯಲ್ಲಿ ಬರಿ ಮಾರಾಯ." ಅಂದಿನಿಂದ ಬರೆಯುತ್ತೇನೆ. ಪುಸ್ತಕದೊಳಗೆ ಒಂದು ಚೀಟಿ, ಕೆಳಗೆ ಹೆಸರು. ನಿಯಮ ಒಂದೇ — ಮಾಡಿ ನೋಡಬಹುದಾದದ್ದನ್ನು ಮಾಡಿ ನೋಡದೆ ಬರೆಯುವುದಿಲ್ಲ.

ನಿನ್ನೆ ಸಿಕ್ಕಿದ್ದು: 'ಕೈಬಲೆ'. ಕಾರ್ಕಳದ ಇಮ್ಯಾನುಯೆಲ್ ಸರ್ ಬರೆದದ್ದು. ಲೆಕ್ಚರರ್ ಆಗಿದ್ದವರಂತೆ. ಮೂವತ್ತು ವರ್ಷದ ಹಿಂದಿನ ಅಚ್ಚು. ನಲವತ್ತು ಪ್ರತಿ, ಕಟ್ಟು ಬಿಚ್ಚಿಯೇ ಇರಲಿಲ್ಲ. ನಮ್ಮ ಬಲೆಯ ಬಗ್ಗೆ ಪುಸ್ತಕ! ಒಂದು ತಂದೆ.

ಜೂನ್ 12

ಮುಗಿಯಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ.

ನೂಲಿನ ಬಲೆಯ ಕಾಲದಲ್ಲಿ ಮರದ ತೊಗಟೆ ಕುದಿಸಿ ಅದರಲ್ಲಿ ಬಲೆ ಅದ್ದುತ್ತಿದ್ದರು, ಕೊಳೆಯದಿರಲೆಂದು. ಯಾವ ಮರ, ಎಷ್ಟು ಹೊತ್ತು, ಎಲ್ಲ ಇದೆ. ಹೊತ್ತನ್ನು ಗಡಿಯಾರದಿಂದ ಅಳೆಯುತ್ತಿರಲಿಲ್ಲ, ನೀರಿನ ಬಣ್ಣ ನೋಡುತ್ತಿದ್ದರು. ಕಿಟ್ಟಜ್ಜನಿಗೆ ಓದಿ ಹೇಳಿದೆ. ಎಪ್ಪತ್ತಾರು ವರ್ಷ, ಈಗಲೂ ಶೆಡ್ಡಿನಲ್ಲಿ ಎಲ್ಲರಿಗಿಂತ ವೇಗ. ಸೂಜಿ ನಿಲ್ಲಿಸಿದರು.

"ಇದೆಲ್ಲ ಪುಸ್ತಕದಲ್ಲಿ ಉಂಟಾ? ನಾನು ಸತ್ತರೆ ಹೋಯಿತು ಅಂತ ತಿಳಿದಿದ್ದೆ."

ಆದರೆ ಪುಟ 61. ಗಂಟು ಹಾಕುವ ಕ್ರಮ. ಅಲ್ಲಿರುವ ಹಾಗೆಯೇ ಬಲೆಯ ಇಪ್ಪತ್ತು ಕಣ್ಣು ಹೆಣೆದೆ. ಎಳೆದೆ. ಇಪ್ಪತ್ತೂ ಜಾರಿತು. ಇನ್ನೊಮ್ಮೆ ಹೆಣೆದೆ. ಮತ್ತೆ ಜಾರಿತು.

ಜೂನ್ 15, ಭಾನುವಾರ

ಚೀಟಿ ಬರೆದು ಇಟ್ಟೆ: "ಬಲೆಯ ಬಗ್ಗೆ ಇಷ್ಟು ಒಳ್ಳೆಯ ಪುಸ್ತಕ ನಾನು ನೋಡಿಲ್ಲ. ತೊಗಟೆಯ ಅಧ್ಯಾಯ ಮೊದಲು ಓದಿ. ಪುಟ 61ರ ಗಂಟು ಹಾಕಬೇಡಿ, ಜಾರುತ್ತದೆ. ನಾನು ನಲವತ್ತು ಕಣ್ಣು ಹೆಣೆದು ನೋಡಿದ್ದೇನೆ. — ಪ್ರವೀಣ್, ಕಾಪು."

ಪೊರ್ಬುಗಳು ತಲೆ ಕೆರೆದುಕೊಂಡರು. "ಹೆಣ್ಣು ತೋರಿಸುವಾಗ ಕಾಲು ಕುಂಟು ಅಂತ ಹೇಳ್ತಾರಾ?"

"ಹೇಳದಿದ್ದರೆ ಮದುವೆ ಆದ ಮೇಲೆ ನಡೆಯಬೇಕಲ್ಲ ಪೊರ್ಬುಲೆ" ಎಂದೆ. ನಾನೇ! ಆಮೇಲೆ ಕಿವಿ ಬಿಸಿಯಾಯಿತು.

ಜೂನ್ 29

ಎಂಟು ಪ್ರತಿ ಹೋಗಿದೆ! ಮೊದಲನೆಯದನ್ನು ಒಯ್ದದ್ದು ಶ್ರೇಯಾ ಅಂತೆ, ಮಣಿಪಾಲದಲ್ಲಿ ಓದುವವರು, ಪರ್ಕಳದಲ್ಲಿ ರೂಮು. ಚೀಟಿಯ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದ್ದಾರೆ. ಅದನ್ನು ನೋಡಿ ಉಳಿದವರು. ಮೂವತ್ತು ವರ್ಷ ಯಾರೂ ಮುಟ್ಟದ ಪುಸ್ತಕ, ಎರಡು ವಾರದಲ್ಲಿ ಎಂಟು ಮನೆಗೆ. ಬಸ್ಸಿನಲ್ಲಿ ಬರುವಾಗ ಒಬ್ಬನೇ ನಗುತ್ತಿದ್ದೆ. ಪಕ್ಕದವರು ಜಾಗ ಬದಲಿಸಿದರು.

ಜುಲೈ 2

ಫೋಟೋ ಕಾರ್ಕಳಕ್ಕೂ ಹೋಗಿದೆ. ಸರ್ ಅವರ ಮಗ ಡೆನ್ವರ್ ಅಂಗಡಿಗೆ ಬಂದಿದ್ದರಂತೆ. ಪೊರ್ಬುಗಳು ಫೋನಿನಲ್ಲಿ ಹೇಳಿದ್ದು —

"ಚೀಟಿ ಬರೆದವ ಎಷ್ಟು ಓದಿದ್ದಾನೆ ಅಂತ ಕೇಳಿದ್ರು. ನಾನು ಸುಳ್ಳು ಹೇಳುದಿಲ್ಲ, ಐದನೇ ಕ್ಲಾಸು ಅಂದೆ. ನಕ್ಕರು. ಚೀಟಿ ತೆಗೀಬೇಕಂತೆ, ಇಲ್ಲದಿದ್ರೆ ಉಳಿದ ಪುಸ್ತಕ ಎಲ್ಲ ವಾಪಸ್. ಒಂದು ಸಾಲು ಅಳಿಸು ಪ್ರವೀಣಾ. ಒಂದೇ ಸಾಲು."

ಆಗುವುದಿಲ್ಲ ಎಂದೆ. ಆ ಸಾಲು ತೆಗೆದರೆ ಬಾವಿಯ ಪುಸ್ತಕದ್ದೂ ತೆಗೆಯಿರಿ, ಕಂಡಕ್ಟರರದ್ದೂ ತೆಗೆಯಿರಿ, ಎಲ್ಲ ಚೀಟಿ ಹರಿದು ಹಾಕಿ.

ಐದನೇ ಕ್ಲಾಸು. ಹೌದು. ಅಪ್ಪ ಬೋಟಿನಿಂದ ಬಿದ್ದು ಮಲಗಿದ ವರ್ಷ ನನ್ನ ಕೈಗೆ ಸೂಜಿ ಬಂತು. ಅದರಲ್ಲಿ ನಗುವಂಥದ್ದು ಎಂತ?

ಜುಲೈ 3

ಬೆಳಿಗ್ಗೆ ಕಿಟ್ಟಜ್ಜನಿಗೆ ಎಲ್ಲ ಹೇಳಿದೆ. ಪುಟ 61ರ ಚಿತ್ರ ನೋಡಿದವರೇ ತೊಡೆ ತಟ್ಟಿಕೊಂಡು ನಕ್ಕರು.

"ಇದು ನನ್ನ ಕೈಯಲ್ವಾ! ಬಂದಿದ್ರು ಆ ಮೇಷ್ಟ್ರು, ಎಂಟು ದಿನ. ಒಳ್ಳೆ ಜನ. ನೆಲದಲ್ಲಿ ಕೂರ್ತೇನೆ ಅಂದ್ರು, ನಾವು ಬಿಡಲಿಲ್ಲ. ಮೇಷ್ಟ್ರನ್ನು ಹೊಯಿಗೆಯಲ್ಲಿ ಕೂರಿಸುದುಂಟಾ? ಕುರ್ಚಿ ತರಿಸಿ ಎದುರು ಹಾಕಿದ್ದೆವು."

ಎದುರು. ಈಗ ಅರ್ಥವಾಯಿತು. ನೂಲನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಗಂಟು ಕೂರುತ್ತದೆ. ಆ ಹೆಬ್ಬೆರಳು ಹೆಣೆಯುವವನಿಗೆ ಕಾಣುತ್ತದೆ, ಪಕ್ಕದಲ್ಲಿ ಕೂತವನಿಗೆ ಕಾಣುತ್ತದೆ. ಎದುರಿನವರಿಗೆ ಕಣ್ಣಿನ ಅಳತೆಗೆ ಹಿಡಿದ ಬಿದಿರಿನ ಪಟ್ಟಿ ಅಡ್ಡ. ಸರ್ ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದಾರೆ. ಕಾಣದ ಹಾಗೆ ಮಾಡಿದ್ದು ನಮ್ಮ ಮರ್ಯಾದೆ.

ಜುಲೈ 6, ಭಾನುವಾರ

ಕಾರ್ಕಳಕ್ಕೆ ಹೋದೆ. ಹೌದು, ನಾನು, ಒಬ್ಬನೇ. ಸೂಜಿ, ಪಟ್ಟಿ, ನೂಲು ಚೀಲದಲ್ಲಿ.

ಬಾಗಿಲಲ್ಲಿ ಡೆನ್ವರ್. "ಓ, ವಿಮರ್ಶಕರು! ಬಲೆ ಹೊಲಿಯುವವರು ಈಗ ಪುಸ್ತಕವನ್ನೂ ಹೊಲಿಯುವುದಾ?"

ಆದರೂ ಒಳಗೆ ಹೋದೆ. ಇಮ್ಯಾನುಯೆಲ್ ಸರ್ ತುಂಬಾ ಸಣ್ಣಗಾಗಿದ್ದಾರೆ. ಪಕ್ಕದಲ್ಲಿ ಕೂತು ಹೆಣೆದು ತೋರಿಸಿದೆ. ಹೆಬ್ಬೆರಳು ಇಟ್ಟು ಒಮ್ಮೆ, ಇಡದೆ ಒಮ್ಮೆ. ಅವರೇ ಎಳೆದು ನೋಡಿದರು. ಒಂದು ನಿಂತಿತು, ಒಂದು ಜಾರಿತು.

"ಉಳಿದದ್ದು?" ಎಂದು ಕೇಳಿದರು. "ಪುಸ್ತಕದಲ್ಲಿ ಉಳಿದದ್ದು ಹೇಗಿದೆ?"

ಅದಕ್ಕೆ ಹೇಳಿದೆ ನೋಡಿ! ತೊಗಟೆ, ನೀರಿನ ಬಣ್ಣ, ಬೆರಳಿನಿಂದ ಕಣ್ಣು ಅಳೆಯುವುದು... ಹತ್ತು ನಿಮಿಷ ನಿಲ್ಲಿಸಲಿಲ್ಲ. ಜನ್ಮದಲ್ಲಿ ಅಷ್ಟು ಮಾತಾಡಿಲ್ಲ. ಸರ್ ಕಣ್ಣು ಒರೆಸಿಕೊಂಡರು. ಆಮೇಲೆ ಮೆಲ್ಲಗೆ — "ಮುದ್ರಣ ದೋಷ ಅಂತ ಬರೆಯಬಹುದಲ್ಲ, ಪ್ರವೀಣ್?"

"ಪ್ರೆಸ್ಸಿನವರು ತಪ್ಪು ಮಾಡಲಿಲ್ಲ ಸರ್. ಎದುರಿನಿಂದ ಹೆಬ್ಬೆರಳು ಕಾಣಲಿಲ್ಲ ಅಂತ ಬರೆಯುತ್ತೇನೆ. ಕುರ್ಚಿ ಹಾಕಿದ್ದು ನಾವೇ ಅಂತಲೂ ಬರೆಯುತ್ತೇನೆ."

ಅವರು ಕಿಟಕಿಯ ಕಡೆ ತಿರುಗಿದರು. ಡೆನ್ವರ್ ಗೇಟು ತೆರೆದು ನಿಂತಿದ್ದರು.

ಜುಲೈ 10

ಡೆನ್ವರ್ ರಿಕ್ಷಾ ತಂದು ಉಳಿದ ಪ್ರತಿಗಳನ್ನೆಲ್ಲ ಒಯ್ದರು. ಚೀಟಿ ಮಾತ್ರ ಬಿಟ್ಟು ಹೋದರು.

"ಈಗ ಸಮಾಧಾನವಾ?" ಪೊರ್ಬುಗಳು ಬೈದರು. ಬೈಯಲಿ.

ಸಮಾಧಾನವಿಲ್ಲ. ಒಂದು ಸಾಲು ನುಂಗಿದ್ದರೆ ಮೂವತ್ತೊಂದು ಪ್ರತಿ ಅಲ್ಲೇ ಇರುತ್ತಿದ್ದವು. ಮೂವತ್ತೊಂದು ಮನೆ. ಆದರೆ ಅದನ್ನು ನೋಡಿ ಯಾರಾದರೂ ಒಂದು ಬಲೆ ಹೆಣೆದು, ಮೀನೆಲ್ಲ ಹೋಗಿ, ಪುಸ್ತಕವನ್ನೇ ಬೈದರೆ? ಇಲ್ಲ. ಇನ್ನೊಮ್ಮೆಯೂ ಹಾಗೆಯೇ ಬರೆಯುತ್ತೇನೆ.

ಜುಲೈ 13, ಭಾನುವಾರ

ಪುಸ್ತಕವಿದ್ದ ಜಾಗ ಇನ್ನೂ ಖಾಲಿ. ಅಲ್ಲೇ ಹಲಗೆಗೆ ಹೊಸ ಚೀಟಿ ಅಂಟಿಸಿದೆ.

"ಇಲ್ಲಿದ್ದ ಪುಸ್ತಕ: ಕೈಬಲೆ. ಈಗ ಇಲ್ಲಿಲ್ಲ. ಓದಲೇಬೇಕಾದದ್ದು. ಒಂದು ಪ್ರತಿ ಕಾಪುವಿನ ಬಲೆ ಶೆಡ್ಡಿನಲ್ಲಿದೆ, ಅಲ್ಲೇ ಕೂತು ಓದಬಹುದು. ಪುಟ 61 ಬಂದಾಗ ಸರಿಯಾದ ಗಂಟು ಹಾಕಿ ತೋರಿಸುತ್ತೇವೆ. — ಪ್ರವೀಣ್, ಐದನೇ ಕ್ಲಾಸು."

ಪೊರ್ಬುಗಳು ಕನ್ನಡಕ ಏರಿಸಿ ಎರಡು ಸಲ ಓದಿದರು. "ಇಲ್ಲದ ಪುಸ್ತಕಕ್ಕೆ ಚೀಟಿ! ನನ್ನ ಅಂಗಡಿ ಮುಳುಗಿಸ್ತಿ ನೀನು." ತೆಗೆಯಲಿಲ್ಲ. ಒಂದು ಮೂಲೆ ಸರಿಯಾಗಿ ಅಂಟಿರಲಿಲ್ಲ, ಅದನ್ನು ಹೆಬ್ಬೆರಳಿನಿಂದ ಒತ್ತಿದರು.

ಜುಲೈ 27, ಭಾನುವಾರ. ಮಧ್ಯಾಹ್ನ 3

ಎರಡು ವಾರ ಯಾರೂ ಬರಲಿಲ್ಲ. ಶುಕ್ರವಾರ ಬೋಟು ಮತ್ತೆ ಕಡಲಿಗೆ ಇಳಿಯುತ್ತದೆ, ಬಲೆಯ ರಾಶಿ ಬಾಕಿ.

ಈಗ ಒಬ್ಬರು ಬಂದಿದ್ದಾರೆ. ಉದ್ಯಾವರದವರು, ಉಮೈರಾ ಅಂತೆ. ತಂದೆ ಹೊಳೆಯಲ್ಲಿ ಬಲೆ ಬೀಸುತ್ತಿದ್ದರಂತೆ, ಈಗ ಅವರಿಲ್ಲ.

"ಅಣ್ಣ, ಚೀಟಿ ಬರೆದವರು ಯಾರು?"

ಶೆಡ್ಡಿನಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ನಾನೇ ಎಂದೆ. ದನಿ ಸಣ್ಣಗೆ ಬಂತು, ಇನ್ನೊಮ್ಮೆ ಹೇಳಿದೆ, ನಾನೇ.

ಕಿಟ್ಟಜ್ಜನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಮೊದಲ ಅಧ್ಯಾಯ ಓದುತ್ತಿದ್ದಾರೆ. ನಾನು ಬಲೆಯ ರಾಶಿಯ ಹಿಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಓದುವಾಗ ಅವರ ತುಟಿ ಅಲುಗುತ್ತದೆ, ನನ್ನ ಹಾಗೆಯೇ. ಎರಡು ಪುಟ ತಿರುಗಿಸಿದರು. ಈಗ ತಲೆ ಎತ್ತಿದರು, ಏನೋ ಕೇಳಬೇಕಂತೆ, ಕರೆಯುತ್ತಿ—