ಅಪ್ಪನಿಗೆ ಕೊಬ್ಬಿನ ಕಡುಬು

ಬಾರ್ನ್ಸ್‌ಲಿ, ಭಾನುವಾರ

ಹಿಲ್ಡಾ,

ಮತ್ತೆ ಕಡುಬು ಕೆಡಿಸಿದೆ ಕಣೇ. ದನದ ಕೊಬ್ಬನ್ನ ಒಲೆ ಪಕ್ಕ ಇಟ್ಟಿದ್ದೆ, ಕರಗಿ ಎಣ್ಣೆಯಾಯ್ತು. ಅದರಲ್ಲೇ ಕಡುಬು ಮಾಡಿದ್ದಕ್ಕೆ ಕಲ್ಲಿನಂಗಾಯ್ತು. ನಿಮ್ಮಪ್ಪ, "ಅಳಿಯಾ, ಇದನ್ನ ಗಣಿಗೆ ಒಯ್ಯಿ, ಸೂರಿಗೆ ಆಸರೆ ಕೊಡೋಕಾಗುತ್ತೆ" ಅಂದರು. ನೀನು ಆಸ್ಪತ್ರೆ ಸೇರಿದಾಗಿಂದ ಬರೀ ಟೀ ಕುಡಿದು ಒಣಗ್ತಿದ್ದಾರೆ. ನಿನ್ನ ಕೈ ಕಡುಬೇ ಬೇಕಂತೆ. ಗಣಿಯಿಂದ ಬಂದು ಒಲೆ ಮುಂದೆ ನಿಂತು ನಾನೇ ಬೆಂದುಹೋದೆ.

ಇವತ್ತು ಹೊಸ ಕೊಬ್ಬು ತಂದು, ನೀನು ಹೇಳಿಕಳಿಸಿದಂಗೆ ತಣ್ಣನೆ ಕಲ್ಲಿನ ಮೇಲಿಟ್ಟು, ಹಿಟ್ಟಲ್ಲಿ ಹೊರಳಿಸಿ ತುರಿದು, ಹಿಟ್ಟಿನ ಜೊತೆ ಕಲಸಿ, ಉಂಡೆ ಕಟ್ಟಿ ಸಾರಿಗೆ ಬಿಟ್ಟಿದ್ದೀನಿ. ಮಧ್ಯೆ ಮುಚ್ಚಳ ತೆಗೆದರೆ ಉಬ್ಬಿದ ಕಡುಬು ಕೂತುಬಿಡುತ್ತಲ್ಲ, ಕೈ ಸುಮ್ಮನಿರಲಿ ಅಂತ ಬರೀತಿದ್ದೀನಿ. ಉಳಿದ ಕೊಬ್ಬು ಎಷ್ಟು ದಿನ ಇರುತ್ತೆ, ತಿಳಿಸು. ಅವಸರ ಮಾಡ್ಬೇಡ, ಪೂರ್ತಿ ವಾಸಿಯಾಗಿ ಬಾ.

ಅಗೋ, ಕಡುಬು ಬೆಂದಿರಬೇಕು, ನಿಮ್ಮಪ್ಪ ತಾವೇ ಬಡಿಸಿಕೊಂಡು ಬಾಯ್ತುಂಬ ತುಂಬಿಕೊಂಡೇ ಕೂಗ್ತಿದ್ದಾರೆ: "ಬಾರೋ ಅಳಿಯಾ, ಇಲ್ದಿದ್ರೆ ನಿನ್ನ ಪಾಲೂ ನಂದೇ!"

ನಿನ್ನ ವಿಲ್ಫ್